ಮೂವತ್ತೆಂಟು ಸೆಕೆಂಡ್ ಹಿಂದೆ

ಏಪ್ರಿಲ್ 11

ಅಪ್ಪಾ,

ಕಾಗದದ ಮೇಲೆ ಪತ್ರ ಬರೀತಿರೋದು ಇದೇ ಮೊದಲು. ಕಳಿಸಿದ್ಮೇಲೆ ಅಳಿಸೋಕೆ ಆಗಲ್ಲ, ನೀನು ಓದಿದ್ಯೋ ಇಲ್ವೋ ಅಂತ ನೀಲಿ ಗೆರೆನೂ ಬರಲ್ಲ. ಸಿಗ್ನಲ್ ಇಲ್ಲದ ಗುಡ್ಡನೇ ಹುಡುಕಿ ನಿನ್ನನ್ನ ಅಲ್ಲಿಗೆ ಹಾಕಿದಾರಲ್ಲ, ಅವರ ಮೇಲಿರೋ ಸಿಟ್ಟಿನ ಪಟ್ಟಿಗೆ ಇದನ್ನೂ ಸೇರಿಸ್ಕೊಂಡಿದೀನಿ. ಪಟ್ಟಿ ಉದ್ದ ಇದೆ.

ನಮ್ಮ ಗ್ರೂಪ್ ಗೊತ್ತಲ್ಲ, ಐವತ್ತರ ಬಳಗ. ನೂರ ಹನ್ನೆರಡು ಜನ ಕೆಲಸ ಇಲ್ದೆ ದಿನವಿಡೀ ಕರೆಂಟಿನ ಫ್ರೀಕ್ವೆನ್ಸಿ ನೋಡ್ತಾ ಕೂರ್ತೀರ ಅಂತ ನೀನು ಆಡ್ಕೊಳ್ತಿದ್ದ ಗ್ರೂಪು. ಅದಕ್ಕೆ ಹೊಸಬನೊಬ್ಬ ಬಂದಿದ್ದ. ಬಂದ ತಕ್ಷಣ ಹಾಕ್ತಾನೆ, "ಮಾರ್ಚ್ ಹದಿನೇಳಕ್ಕೆ ಅರ್ಧ ಊರು ಕತ್ತಲಾಯ್ತಲ್ಲ, ಆ ಡೆಸ್ಕ್‌ನಲ್ಲಿದ್ದ ಮಹಾನುಭಾವ ಕತ್ತೆ ಕಾಯ್ತಿದ್ನಾ?"

ನಲವತ್ತಮೂರು ಮೆಸೇಜ್ ಹಾಕಿದೀನಪ್ಪ ಅವನಿಗೆ. ನೀನು ನಂಗೆ ಒಂಬತ್ತನೇ ಕ್ಲಾಸಲ್ಲಿ ಹೇಳಿಕೊಟ್ಟಿದ್ದೇ. ದೇಶದ ಅಷ್ಟೂ ಜನರೇಟರ್ ಒಂದೇ ತಾಳಕ್ಕೆ ತಿರುಗ್ತಾವೆ. ಜನ ಬಳಸೋದು ಜಾಸ್ತಿ ಆದ್ರೆ ಅಷ್ಟೂ ಒಟ್ಟಿಗೆ ಏದುಸಿರು ಬಿಟ್ಟು ನಿಧಾನ ಆಗ್ತಾವೆ, ಐವತ್ತು ಹರ್ಟ್ಜ್ ಇರೋದು ಸ್ವಲ್ಪ ಇಳಿಯುತ್ತೆ. ಬಳಸೋದು ಕಮ್ಮಿ ಆದ್ರೆ ಏರುತ್ತೆ. ಕಂಟ್ರೋಲ್ ರೂಮ್ ಡೆಸ್ಕ್‌ನಲ್ಲಿ ಕೂತ ನಿನ್ನಂಥವರು ಅದನ್ನ ಐವತ್ತರ ಹತ್ರನೇ ಇಡ್ಬೇಕು, ದಿನಾ, ಇಡೀ ದಿನ. ಆವತ್ತು ಬೆಳಗ್ಗೆ ಹನ್ನೊಂದೂ ನಲವತ್ತೆರಡಕ್ಕೆ ಕಲ್ಲಿದ್ದಲು ಪ್ಲಾಂಟಿನ ದೊಡ್ಡ ಯೂನಿಟ್ ದಿಢೀರಂತ ನಿಂತುಹೋಯ್ತು. ಫ್ರೀಕ್ವೆನ್ಸಿ ಕುಸೀತು. ಉಳಿದ ಅರ್ಧ ಊರು ಉಳೀಲಿ ಅಂತ ರಿಲೇ ಸ್ವಿಚ್ ತಾನೇ ತಾನಾಗಿ ಪೂರ್ವದ ಅರ್ಧಕ್ಕೆ ಕರೆಂಟ್ ಕಡಿದುಹಾಕ್ತು. ಇದರಲ್ಲಿ ಕತ್ತೆ ಎಲ್ಲಿ ಬಂತು, ಕಾಯೋದು ಎಲ್ಲಿ ಬಂತು?

ಅದಕ್ಕವನು ವಿಚಾರಣೆ ವರದಿಯ ಸ್ಕ್ರೀನ್‌ಶಾಟ್ ಹಾಕ್ದ. "ಯೂನಿಟ್ ನಿಂತದ್ದು 11:42:10. ಜಲವಿದ್ಯುತ್ ಪ್ಲಾಂಟಿಗೆ ಉತ್ಪಾದನೆ ಏರಿಸುವ ಆದೇಶವನ್ನು ಡೆಸ್ಕ್ ಕಳಿಸಿದ್ದು 11:42:52. ನಲವತ್ತೆರಡು ಸೆಕೆಂಡುಗಳ ಅಕ್ಷಮ್ಯ ವಿಳಂಬ." ಆಮೇಲೆ ಬರೆದ, "ಟೀ ಕುಡಿಯೋಕೆ ಹೋಗಿದ್ದ ಅನ್ಸುತ್ತೆ."

ನಾನು ಗ್ರೂಪಿಂದ ಹೊರಗೆ ಬಂದೆ. ಹತ್ತು ನಿಮಿಷ ಆದ್ಮೇಲೆ ವಾಪಸ್ ಸೇರ್ಕೊಂಡೆ, ಅವನೊಬ್ಬನಿಗೋಸ್ಕರ ನಾನ್ಯಾಕೆ ಬಿಡ್ಬೇಕು.

ಅಪ್ಪಾ, ಇನ್ನೊಂದು ವಿಷ್ಯ ಇದೆ, ಅದನ್ನ ಮುಂದಿನ ಪತ್ರದಲ್ಲಿ ಬರೀತೀನಿ. ಅಮ್ಮ ಔಷಧಿ ಅಂಗಡಿ ಕೆಲಸ ಮುಗಿಸಿ ಬಂದು ಹಾಲ್‌ನಲ್ಲಿ ಕೂರ್ತಾಳೆ. ಟಿವಿ ಹಾಕಲ್ಲ.

ಹಾಲ್ ಗಡಿಯಾರ ಇವತ್ತು 14 ಸೆಕೆಂಡ್ ಹಿಂದೆ ಇದೆ. ನೀನಿಲ್ಲ ಅಂತ ನೋಡೋದು ಬಿಟ್ಟಿಲ್ಲ.

ನಿನ್ನ
ಪಟಾಕಿ


ಏಪ್ರಿಲ್ 18

ಪಟಾಕಿಗೆ,

ನಿನ್ನ ಪತ್ರ ಗುರುವಾರದ ಜೀಪಲ್ಲಿ ಬಂತು. ಇಲ್ಲಿ ಎಲ್ಲ ಗುರುವಾರನೇ ಬರೋದು. ತರಕಾರಿ, ಡೀಸೆಲ್, ಪತ್ರ, ಬೈಗುಳ.

ಜಾಗ ಚೆನ್ನಾಗಿದೆ. ಎರಡು ಟ್ರಾನ್ಸ್‌ಫಾರ್ಮರ್, ಒಂದು ಕೋಣೆ, ನೆಲದ ತುಂಬ ಜಲ್ಲಿ. ನಡೆದ್ರೆ ಕರಕರ ಅನ್ನುತ್ತೆ, ಹಾಗಾಗಿ ಯಾರೂ ನನ್ನ ಹಿಂದಿನಿಂದ ಬರೋಕಾಗಲ್ಲ. ಪ್ಯಾನೆಲ್ ಒಳಗೆ ಒಂದು ಹಲ್ಲಿ ಇದೆ. ನನಗಿಂತ ಸೀನಿಯರ್, ಹನ್ನೊಂದು ವರ್ಷ ಆಯ್ತಂತೆ ಅಂತ ವಾಚ್‌ಮನ್ ಹೇಳ್ತಾನೆ. ನಂಬೋದು ಬಿಡೋದು ನಿನಗೆ ಬಿಟ್ಟಿದ್ದು.

ಕೆಲಸ ಗಂಟೆಗೊಂದ್ಸಲ ಮೀಟರ್ ನೋಡಿ ಬರೆಯೋದು. ಇಪ್ಪತ್ತಾರು ವರ್ಷ ಸೆಕೆಂಡ್ ಲೆಕ್ಕದಲ್ಲಿ ಬದುಕಿದವನಿಗೆ ಗಂಟೆ ಅನ್ನೋದು ತುಂಬ ದೊಡ್ಡ ಮನೆ, ಎಲ್ಲಿ ಕೂರಬೇಕೋ ಗೊತ್ತಾಗಲ್ಲ.

ಗ್ರೂಪಲ್ಲಿ ಜಗಳ ಆಡಬೇಡ. ನಲವತ್ತಮೂರು ಮೆಸೇಜ್ ಓದೋ ಅಷ್ಟು ಬಿಡುವಿರೋನು ನಿನ್ನ ಮಾತು ಒಪ್ಪೋಕೆ ಅಂತ ಓದಲ್ಲ. ನಿನ್ನ ಪತ್ರದಲ್ಲಿ ಪೂರ್ಣವಿರಾಮ ಕಮ್ಮಿ, ಉಸಿರು ತಗೊಂಡು ಬರಿ.

ಆವತ್ತು ಕರೆಂಟ್ ಹೋದಾಗ ಒಬ್ಬ ಹೆಂಗಸು ಲಿಫ್ಟ್‌ನಲ್ಲಿ ಐವತ್ತೆರಡು ನಿಮಿಷ ಸಿಕ್ಕಿಹಾಕ್ಕೊಂಡಿದ್ರು ಅಂತ ಪೇಪರ್‌ನಲ್ಲಿ ಬಂದಿತ್ತು. ವಯಸ್ಸಾದವರು. ಹಲ್ಲಿನ ಡಾಕ್ಟರ್ ಕ್ಲಿನಿಕ್ ಇರೋ ಕಟ್ಟಡ. ಹೇಗಿದ್ದಾರೆ ಅಂತ ಗೊತ್ತಾದ್ರೆ ಬರಿ.

ಅಮ್ಮನಿಗೆ ಟಿವಿ ಹಾಕೋಕೆ ಹೇಳು.

ಇಲ್ಲಿನ ಗೋಡೆ ಗಡಿಯಾರವೂ ಕರೆಂಟಿಂದಲೇ ಓಡೋದು, ಹಳೇ ಕಾಲದ್ದು. ನಾನೇ ಏಣಿ ಹಾಕಿ ಒರೆಸಿದೆ. ಮಧ್ಯಾಹ್ನ ಹನ್ನೆರಡಕ್ಕೆ 23 ಸೆಕೆಂಡ್ ಹಿಂದೆ.

ಅಪ್ಪ


ಏಪ್ರಿಲ್ 27

ಅಪ್ಪಾ,

ನೀನು ಬೇಡ ಅಂತೀಯ ಅಂತ ಗೊತ್ತಿದ್ದಕ್ಕೇ ಕೇಳದೆ ಹೋದೆ. ನಿನ್ನ ಆಫೀಸಿಗೆ, ವಿಚಾರಣೆ ಸಾಹೇಬ್ರ ಹತ್ರ.

ಒಂದೂವರೆ ಗಂಟೆ ಬೆಂಚ್ ಮೇಲೆ ಕೂರಿಸಿದ್ರು. ಒಳಗೆ ಹೋದ್ರೆ ಅವರು ಟೈ ತುದಿಯಲ್ಲಿ ಕನ್ನಡಕ ಒರೆಸ್ತಿದ್ರು. ತುಂಬ ಮರ್ಯಾದೆಯಿಂದ ಮಾತಾಡಿದ್ರು, ಅದಕ್ಕೇ ಇನ್ನೂ ಉರೀತು.

"ನೋಡಮ್ಮ, ನಿಮ್ಮ ತಂದೆ ಮೇಲೆ ನನಗೇನೂ ದ್ವೇಷ ಇಲ್ಲ."

ನಾನಂದೆ, "ಡೆಸ್ಕ್‌ನಲ್ಲಿ ಫ್ರೀಕ್ವೆನ್ಸಿ ಬರ್ಕೊಳ್ಳೋ ಮೆಷೀನು ಕೆಟ್ಟು ಜನವರಿಯಿಂದ ಹಾಗೇ ಬಿದ್ದಿತ್ತು. ರಿಪೇರಿ ಮಾಡಿಸಿ ಅಂತ ಅಪ್ಪ ಮೂರು ಸಲ ಬರೆದುಕೊಟ್ಟಿದ್ರು. ಅದು ವರದಿಯಲ್ಲಿ ಯಾಕಿಲ್ಲ ಸಾರ್?"

"ಅದು ಬೇರೆ ಫೈಲು."

"ಫ್ರೀಕ್ವೆನ್ಸಿ ಹನ್ನೊಂದೇ ಸೆಕೆಂಡಲ್ಲಿ ರಿಲೇ ಮಟ್ಟಕ್ಕೆ ಬಿತ್ತು. ನೀರಿನ ಪ್ಲಾಂಟ್ ಏರೋಕೇ ಅರ್ಧ ನಿಮಿಷ ಬೇಕು. ಯಾರು ಕೂತಿದ್ರೂ ಪೂರ್ವದ ಕಡೆ ಉಳೀತಿರಲಿಲ್ಲ."

"ಉಳೀತಿತ್ತೋ ಇಲ್ವೋ ಬೇರೆ ಮಾತಮ್ಮ. ಅವರು ಕುರ್ಚಿಯಲ್ಲಿ ಎಚ್ಚರ ಇದ್ರೋ ಇಲ್ವೋ ಅನ್ನೋದು ನನ್ನ ಪ್ರಶ್ನೆ. ಆದೇಶ ಹೋಗಿದ್ದು 52ಕ್ಕೆ. ಇಲ್ಲಿನ ಕಂಪ್ಯೂಟರ್ ಟೈಮು ಸ್ಯಾಟಲೈಟ್‌ನಿಂದ ಬರೋದು, ಅದು ತಪ್ಪಲ್ಲ. ಯೂನಿಟ್ ನಿಂತಿದ್ದು 10ಕ್ಕೆ ಅಂತ ಪ್ಲಾಂಟಿನ ರಿಜಿಸ್ಟರ್ ಹೇಳುತ್ತೆ. ಪ್ಲಾಂಟಿನವರು ತಮ್ಮ ತಲೆ ಉಳಿಸ್ಕೊಳ್ಳೋಕೆ ಸುಳ್ಳು ಬರೆದಿರಬಹುದು ಅಂತ ನನಗೂ ಅನುಮಾನ ಇತ್ತು, ನಿಜ ಹೇಳ್ತೀನಿ. ಆಮೇಲೆ ನಿನ್ನ ಕಾಗದ ಬಂತು."

ಡ್ರಾಯರ್‌ನಿಂದ ತೆಗೆದು ಮೇಜಿನ ಮೇಲಿಟ್ರು. ನನ್ನ ಪ್ರಿಂಟೌಟು. ಮನೆ ಪ್ಲಗ್‌ನಿಂದ ಫ್ರೀಕ್ವೆನ್ಸಿ ಅಳೆಯೋಕೆ ಅಂತ ನೀನೂ ನಾನೂ ಸೇರ್ಕೊಂಡು ಮಾಡಿದ ಡಬ್ಬಿ ಬರ್ಕೊಂಡಿದ್ದು, ಸೆಕೆಂಡಿಗೊಂದು ಅಂಕಿ. ಫ್ರೀಕ್ವೆನ್ಸಿ ಬೀಳೋಕೆ ಶುರುವಾಗಿದ್ದು 11:42:10. ನಮ್ಮ ಬೀದಿ ಕರೆಂಟ್ ಹೋಗಿದ್ದು 11:42:21. ಆ ಎರಡು ಸಾಲಿನ ಕೆಳಗೆ ಅವರು ಕೆಂಪು ಗೆರೆ ಎಳೆದಿದ್ರು.

"ಎರಡು ಬೇರೆ ಬೇರೆ ಸಾಕ್ಷಿ. ಒಂದು ಪ್ಲಾಂಟು, ಒಂದು ಮನೆ. ಒಂದು ಸೆಕೆಂಡೂ ವ್ಯತ್ಯಾಸ ಇಲ್ಲ. ಊರು ಕತ್ತಲಾಗಿ ಅರ್ಧ ನಿಮಿಷ ಆದ್ಮೇಲೆ ಅವರು ಗುಂಡಿ ಒತ್ತಿದಾರೆ. ಮಗಳು ಅಪ್ಪನ ವಿರುದ್ಧ ಸುಳ್ಳು ಯಾಕೆ ಹೇಳ್ತಾಳಮ್ಮ?"

ಹೋದ ಪತ್ರದಲ್ಲಿ ಬರೆಯದೇ ಬಿಟ್ಟ ವಿಷ್ಯ ಇದೇ ಅಪ್ಪಾ. ನಾನದನ್ನ ವಿಚಾರಣೆಯವರಿಗೆ ಕೊಟ್ಟಿದ್ದು ಫ್ರೀಕ್ವೆನ್ಸಿ ಎಷ್ಟು ಕಡಿದಾಗಿ ಬಿತ್ತು ಅಂತ ತೋರಿಸೋಕೆ. ಬರೀ ಆ ಇಳಿಜಾರೇ ನನ್ನ ಕಣ್ಣಿಗೆ ಬಿದ್ದಿದ್ದು. ಟೈಮ್ ಕಾಲಂ ನಾನು ನೋಡಿರಲೇ ಇಲ್ಲ.

ನೀನು ಬೈಬೇಕು. ಬೈದು ಬರಿ.

ಬಸ್‌ಸ್ಟಾಪಲ್ಲಿ ಅಳು ಬಂತು, ಆದ್ರೆ ಸಿಟ್ಟಿಂದ. ಅದನ್ನ ಲೆಕ್ಕಕ್ಕೆ ಹಿಡೀಬೇಡ.

ಪಟಾಕಿ


ಮೇ 9

ಪಟಾಕಿಗೆ,

ಬೈಯೋಕೆ ಏನೂ ಇಲ್ಲ. ಇದ್ದಿದ್ದನ್ನ ಇದ್ದ ಹಾಗೆ ಬರ್ಕೊಳ್ಳೋ ಡಬ್ಬಿ ಮಾಡಿದ್ವಿ, ಅದು ಬರ್ಕೊಂಡಿದೆ.

ಆವತ್ತಿಂದು ನನಗೆ ನೆನಪಿರೋದು ಇಷ್ಟು. ಮೀಟರ್ ಜಾರಿದ್ದು ನೋಡ್ದೆ. ಕೈ ಹೋಯ್ತು. ಒತ್ತಿದೆ. ನಾಲ್ಕು ಸೆಕೆಂಡ್, ಹೆಚ್ಚು ಅಂದ್ರೆ ಐದು. ಆದ್ರೆ ಒಂದೇ ಪರದೆ ಮುಂದೆ ಇಪ್ಪತ್ತಾರು ವರ್ಷ ಕೂತವನಿಗೆ ಕಣ್ಣು ತೆರೆದಿದ್ದ ಹಾಗೇ ನಿದ್ದೆ ಬರಬಹುದು ಅಂತ ಕೇಳಿದೀನಿ. ಇಲ್ಲಿ ಯೋಚನೆ ಮಾಡೋಕೆ ಟೈಮ್ ಜಾಸ್ತಿ. ಉಳಿದ ಆ ಮೂವತ್ತೆಂಟು ಸೆಕೆಂಡ್ ನಾನು ಎಲ್ಲಿಗೆ ಹೋಗಿದ್ದೆ ಅಂತ ಹುಡುಕ್ತಾ ಇರ್ತೀನಿ. ಸಿಗಲ್ಲ.

ಆಫೀಸಿಂದ ಒಂದು ಕಾಗದ ಬಂದಿದೆ. ಕೊನೇ ವಿಚಾರಣೆ ಆಗಸ್ಟ್‌ನಲ್ಲಿ. ಅಷ್ಟರೊಳಗೆ ತಪ್ಪು ಒಪ್ಪಿಕೊಂಡು ಸಹಿ ಹಾಕಿಕೊಟ್ರೆ ಇಲ್ಲೇ ಉಳಿಸ್ತಾರಂತೆ. ಹಾಕದೆ ವಿಚಾರಣೆಯಲ್ಲಿ ಸೋತ್ರೆ ಕೆಲಸದಿಂದ ತೆಗೀತಾರೆ. ಜುಲೈ ಮೂವತ್ತೊಂದರ ತನಕ ಸಮಯ ಇದೆ. ಅಮ್ಮನಿಗೆ ನಾನೇ ಬರೀತೀನಿ, ನೀನು ಹೇಳಬೇಡ.

ಗಡಿಯಾರ 12 ಸೆಕೆಂಡ್ ಹಿಂದೆ.

ಅಪ್ಪ


ಮೇ 16

ಅಪ್ಪಾ,

ಸಹಿ ಹಾಕ್ತೀಯಾ? ನೀನು?

ಒಂದನೇ ತಾರೀಖು ಬಂದ್ರೆ ಬೆಳಗ್ಗೆ ಆರು ಗಂಟೆಗೆ ಒಂದೊಂದೇ ಪ್ಲಾಂಟಿಗೆ ಫೋನ್ ಮಾಡಿ, "ನಿಮ್ಮ ಗೋಡೆ ಗಡಿಯಾರ ಸರಿಮಾಡ್ಕೊಳ್ಳಿ, ನಾನು ಹೇಳೋ ಟೈಮಿಗೆ" ಅಂತಿದ್ದವನು ನೀನು. ಈಗ ಎಲ್ಲಾ ಕಡೆ ಸ್ಯಾಟಲೈಟ್ ಗಡಿಯಾರ ಬಂದಿದೆ, ಆ ಫೋನ್ ನಿಲ್ಲಿಸಿ ಅಂತ ಆಫೀಸ್ ಹೇಳಿದ್ರೂ ಬಿಡದವನು. ಅಮ್ಮ ಮದುವೆ ದಿನದ ಕಥೆ ಹೇಳ್ತಾಳಲ್ಲ, ಊಟದ ಮಧ್ಯೆ ಲೈಟ್ ಮಿಣುಕಿದ್ದಕ್ಕೆ ಎದ್ದು ಆಫೀಸಿಗೆ ಫೋನ್ ಮಾಡೋಕೆ ಹೋದ್ಯಂತೆ. ಅಂಥವನು ಕಣ್ಣು ತೆರೆದು ನಿದ್ದೆ ಮಾಡಿದ್ನಂತೆ. ಬೇರೆ ಯಾರಾದ್ರೂ ಹೇಳಿದ್ರೆ ಗ್ರೂಪಲ್ಲಿ ಹರಾಜು ಹಾಕ್ತಿದ್ದೆ. ನೀನೇ ಹೇಳಿದ್ರೆ ನಾನು ಯಾರ ಹತ್ರ ಜಗಳ ಆಡ್ಲಿ?

ಪಕ್ಕದ ಮನೆಯವರು ಮೆಟ್ಟಿಲ ಮೇಲೆ ಸಿಕ್ಕಿ, "ಹೋಗ್ಲಿ ಬಿಡಮ್ಮ, ವಯಸ್ಸಾಯ್ತು ಅವರಿಗೂ" ಅಂದ್ರು. ಕರುಣೆ ಬೇರೆ. ನಿಂಗೆ ಐವತ್ತೊಂದು.

ಅವರು ತಪ್ಪು ಮಾಡಿದಾರೆ ಅನ್ನೋದು ನಂಗೆ ಗೊತ್ತು. ಎಲ್ಲಿ ಅಂತ ಗೊತ್ತಿಲ್ಲ. ನೀನು ಮಾತ್ರ ಅವರ ಕಡೆ ಹೋಗಿ ನಿಂತಿದ್ದೀಯ. ಸಹಿ ಹಾಕಲ್ಲ ಅಂತ ಬರೆಯೋ ತನಕ ನಾನು ಪತ್ರ ಬರೆಯಲ್ಲ.

ಲಿಫ್ಟ್‌ನಲ್ಲಿದ್ದವರನ್ನ ಹುಡುಕಿ ಮಾತಾಡಿಸ್ದೆ. ಚೆನ್ನಾಗಿದಾರೆ. "ಒಳಗೆ ಕೂತು ಅರ್ಧ ಸ್ವೆಟರ್ ಹೆಣೆದೆ, ಕತ್ತಲಲ್ಲಿ ತೋಳು ಮಾತ್ರ ಮೂರಾಗೋಯ್ತು" ಅಂದ್ರು. ನಿನ್ನ ಮೇಲೆ ಅವರಿಗೆ ಕೋಪ ಇಲ್ಲ. ನಂಗಿದೆ.

ಸಹಿ ಇಲ್ಲ, ಬೇಕಂತಲೇ.


ಜೂನ್ 20

ಪಟಾಕಿಗೆ,

ಐದು ಗುರುವಾರ ಆಯ್ತು. ಜೀಪಿನವನು ಈಗ ದೂರದಿಂದಲೇ ತಲೆ ಅಲ್ಲಾಡಿಸ್ತಾನೆ.

ಸ್ವೆಟರ್ ವಿಷಯ ಬರೆದಿದ್ದು ಒಳ್ಳೇದಾಯ್ತು.

ಮಧ್ಯಾಹ್ನ ಹನ್ನೆರಡು, ಗಡಿಯಾರ 31 ಸೆಕೆಂಡ್ ಹಿಂದೆ.

ಅಪ್ಪ


ಜೂನ್ 27

ಅಪ್ಪಾ ಅಪ್ಪಾ ಅಪ್ಪಾ,

ನಿಂತ್ಕೊಂಡಿದ್ರೆ ಕೂತ್ಕೋ. ಹಲ್ಲಿಯನ್ನೂ ಕರಿ.

ಪತ್ರ ಬರೆಯಲ್ಲ ಅಂದಿದ್ದೆ, ಗಡಿಯಾರ ನೋಡಲ್ಲ ಅಂದಿರಲಿಲ್ಲ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಹಾಲ್ ಗಡಿಯಾರನ ಫೋನಿನ ಟೈಮ್ ಜೊತೆ ಹೋಲಿಸಿ ಬೀರುವಿನ ಬಾಗಿಲ ಮೇಲೆ ಪೆನ್ಸಿಲಲ್ಲಿ ಬರೀತಿದ್ದೆ, ನಿನ್ನ ಹಾಗೇ. ನಿನ್ನ ಮೂರು ಸಾಲಿನ ಪತ್ರ ಬಂತು. ಸಿಟ್ಟಲ್ಲೇ ಹೋಗಿ ಬೀರು ನೋಡ್ದೆ. ಜೂನ್ ಇಪ್ಪತ್ತು, ಹನ್ನೆರಡು ಗಂಟೆ, 31.

ಇದರಲ್ಲೇನು ಹೊಸದು ಅಂತೀಯ. ಕರೆಂಟಿಂದ ಓಡೋ ಗಡಿಯಾರ ಫ್ರೀಕ್ವೆನ್ಸಿ ಹೇಗಿರುತ್ತೋ ಹಾಗೆ ಓಡುತ್ತೆ. ಐವತ್ತಕ್ಕಿಂತ ಕೂದಲೆಳೆ ಕಮ್ಮಿ ಇದ್ರೆ ದಿನಕ್ಕೆ ಒಂದೆರಡು ಸೆಕೆಂಡ್ ಹಿಂದೆ ಬೀಳುತ್ತೆ. ಇಲ್ಲೂ ಅಲ್ಲೂ ಒಂದೇ ಗ್ರಿಡ್. ಇಬ್ಬರೂ ಒಂದನೇ ತಾರೀಖು ಸರಿಮಾಡಿದ್ವಿ, ಇಬ್ಬರದೂ ಒಂದೇ ಥರ ಹಿಂದೆ ಬಿತ್ತು. ನೀನೇ ಹೇಳಿಕೊಟ್ಟಿದ್ದು. ನಂಗೂ ಹೊಸದಲ್ಲ.

ಬೀರು ಮುಂದೆ ನಿಂತಿದ್ದಾಗ ಪಕ್ಕದಲ್ಲಿ ಡಬ್ಬಿ ಇಟ್ಟಿರೋ ಸ್ಟೂಲ್ ಕಾಣಿಸ್ತು. ಆಗ ನೆನಪಾಯ್ತು.

ಮಾರ್ಚ್ ಹದಿನೇಳು ಬೆಳಗ್ಗೆ ಅಮ್ಮ ಮಿಕ್ಸಿ ಇಡೋಕೆ ಜಾಗ ಇಲ್ಲ ಅಂತ ಗೊಣಗಿದ್ಲು. ನಾನು ಡಬ್ಬಿನ ಅಡುಗೆಮನೆಯಿಂದ ನನ್ನ ರೂಮಿಗೆ ತಂದೆ. ಆಫ್ ಆಗಿ ಆನ್ ಆಯ್ತು, ಟೈಮ್ ಮತ್ತೆ ಹಾಕ್ಬೇಕಿತ್ತು. ಯಾವಾಗ್ಲೂ ಫೋನ್ ನೋಡಿ ಹಾಕ್ತೀನಿ. ಆವತ್ತು ಫೋನ್ ಚಾರ್ಜಿಗಿತ್ತು, ಕ್ಲಾಸಿಗೆ ಲೇಟಾಗಿತ್ತು. ಬಾಗಿಲಲ್ಲೇ ನಿಂತು ಹಾಲ್ ಗಡಿಯಾರ ನೋಡಿ ಹಾಕಿಬಿಟ್ಟೆ. ಅದು ಹಿಂದೆ ಇರುತ್ತೆ ಅಂತ ಗೊತ್ತಿದ್ದೂ. ನಿನ್ನ ಗಡಿಯಾರ ತಾನೇ ಅಂದ್ಕೊಂಡೆ. ಆಮೇಲೆ ಹಾಗೆ ಮಾಡಿದ್ದೇ ಮರೆತುಹೋಯ್ತು.

ಡಬ್ಬಿಯ ಹಳೇ ಫೈಲ್ ಎಲ್ಲಾ ಇದೆ. ಮಾರ್ಚ್ ಒಂದರಿಂದ ಹದಿನೇಳರ ತನಕ ಸೆಕೆಂಡ್ ಸೆಕೆಂಡೂ ಕೂಡಿಸ್ದೆ. ಬಳಗದವರಿಗೂ ಕೊಟ್ಟೆ, ಒಂಬತ್ತು ಜನ ಬೇರೆ ಬೇರೆ ಕೂತು ಕೂಡಿಸಿದ್ರು. ಆವತ್ತು ಈ ಗ್ರಿಡ್‌ನಲ್ಲಿ ಓಡ್ತಿದ್ದ ಪ್ರತಿಯೊಂದು ಕರೆಂಟ್ ಗಡಿಯಾರವೂ ಎಷ್ಟು ಹಿಂದೆ ಇತ್ತು ಗೊತ್ತಾ?

38.

ಅಂದ್ರೆ ನನ್ನ ಕಾಗದದಲ್ಲಿ 11:42:10 ಅಂತ ಇರೋದು ನಿಜವಾಗಿ 11:42:48. ನೀನು ಒತ್ತಿದ್ದು 52ಕ್ಕೆ. ನಾಲ್ಕು ಸೆಕೆಂಡ್ ಅಪ್ಪಾ. ನಿನ್ನ ಕೈ ಹೇಳಿದ ನಾಲ್ಕೇ.

ಹಾಗಾದ್ರೆ ಪ್ಲಾಂಟಿನ ರಿಜಿಸ್ಟರ್‌ನಲ್ಲೂ 10 ಅಂತ ಹೇಗೆ ಬಂತು? ಅವರೂ ಗೋಡೆ ಗಡಿಯಾರ ನೋಡಿ ಬರೆದಿದ್ರೆ ಮಾತ್ರ ಆಗುತ್ತೆ. ಒಂದನೇ ತಾರೀಖು ನೀನೇ ಫೋನ್ ಮಾಡಿ ಸರಿಮಾಡಿಸಿದ ಗಡಿಯಾರ. ಸಾಹೇಬ್ರು ಎರಡು ಸಾಕ್ಷಿ ಅಂದ್ರಲ್ಲ, ಅವೆರಡೂ ಒಂದೇ ಗಡಿಯಾರ, ಎರಡು ಗೋಡೆ ಮೇಲಿತ್ತು ಅಷ್ಟೇ.

ಇನ್ನೊಂದು. ಬಳಗದ ಹಳೇ ಚಾಟ್ ತೆಗೆದೆ. ಕರೆಂಟ್ ಹೋದ ಹತ್ತು ಸೆಕೆಂಡಿಗೆ "ಹೋಯ್ತು" ಅಂತ ಬರೆಯದಿದ್ರೆ ನಿದ್ದೆ ಬರದ ಜನ ಇವರು. ಪೂರ್ವದ ಕಡೆಯವರು ಹದಿನಾಲ್ಕು ಮಂದಿ "ಹೋಯ್ತು" ಅಂದಿದಾರೆ, ಹದಿನಾಲ್ಕೂ 11:43. ಕರೆಂಟ್ ನಿಜವಾಗ್ಲೂ 11:42:21ಕ್ಕೆ ಹೋಗಿದ್ರೆ ಇಷ್ಟು ಜನರಲ್ಲಿ ಒಬ್ಬನಾದ್ರೂ 11:42ಕ್ಕೆ ಬರೀತಿದ್ದ. ಒಬ್ಬನೂ ಇಲ್ಲ.

ಕಲ್ಲಿದ್ದಲು ಪ್ಲಾಂಟಿನ ನಿನ್ನ ಗೆಳೆಯ ಬಾಯ್ಲರ್ ಅಂಕಲ್‌ಗೆ ಪತ್ರ ಹಾಕಿದೀನಿ. ಆವತ್ತು ಶಿಫ್ಟ್ ಅವರದೇ ಅಲ್ವಾ. ನೀನು ಸಹಿ ಹಾಕಿದ್ರೆ ನಿನ್ನ ಜೊತೆ ಮಾತೇ ಆಡಲ್ಲ. ಹಾಕಿಲ್ಲ ತಾನೇ?

ನಿನ್ನ
ಪಟಾಕಿ


ಜುಲೈ 5

ಮಗೂ,

ನಿನ್ನ ಪತ್ರ ಸಿಕ್ತು. ನನ್ನ ಕೈಬರಹ ನೋಡಿ ನಗಬೇಡ, ಮೂವತ್ತು ವರ್ಷದಿಂದ ರಿಜಿಸ್ಟರ್‌ನಲ್ಲಿ ಅಂಕಿ ಬಿಟ್ಟು ಬೇರೇನೂ ಬರೆದಿಲ್ಲ.

ಹೌದು, ಗೋಡೆ ಗಡಿಯಾರ ನೋಡೇ ಬರೆದೆ. ಇನ್ಯಾವುದನ್ನ ನೋಡ್ಲಿ? ಸ್ಯಾಟಲೈಟ್ ಗಡಿಯಾರ ಬಂದು ಎರಡು ವರ್ಷ ಆಯ್ತು. ಸ್ಟೋರ್ ರೂಮಲ್ಲಿದೆ. ಪೆಟ್ಟಿಗೆ ಮೇಲಿನ ಟೇಪು ಕೂಡ ಕಿತ್ತಿಲ್ಲ. ಗೋಡೆಗೆ ಹಾಕಿ ಆಯ್ತು, ಓಡ್ತಿದೆ ಅಂತ ನಮ್ಮ ದೊಡ್ಡೋರು ಕಾಗದದಲ್ಲಿ ಬರೆದುಕೊಟ್ಟಿದಾರೆ. ಆ ಪೆಟ್ಟಿಗೆ ಮೇಲೆ ಈಗ ನಮ್ಮ ಹುಡುಗರು ಹೆಲ್ಮೆಟ್ ಇಡ್ತಾರೆ.

ವಿಚಾರಣೆಯವರು ಬಂದು ರಿಜಿಸ್ಟರ್‌ನ ಫೋಟೋ ತೆಗ್ದ್ರು. ಟೀ ಕುಡಿದ್ರು. ಯಾವ ಗಡಿಯಾರ ನೋಡಿ ಬರೆದ್ರಿ ಅಂತ ಒಬ್ಬನೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ. ನನ್ನ ದನಿ ಎಂಥದು ಅಂತ ಗೊತ್ತಲ್ಲ, ಮೂರನೇ ಮಹಡಿಗೂ ಕೇಳ್ತಿತ್ತು. ನಿಮ್ಮಪ್ಪನನ್ನ ಇದೇ ಅಂಕಿ ಇಟ್ಕೊಂಡು ಗುಡ್ಡ ಹತ್ತಿಸಿದಾರೆ ಅಂತ ನಿನ್ನ ಪತ್ರ ನೋಡಿದ್ಮೇಲೇ ನನಗೆ ಗೊತ್ತಾಗಿದ್ದು. ಎರಡು ದಿನ ಊಟ ರುಚಿಸಲಿಲ್ಲ.

ಆ ಪುಣ್ಯಾತ್ಮ ಒಂದನೇ ತಾರೀಖು ಆರು ಗಂಟೆಗೆ ಫೋನ್ ಮಾಡಿದಾಗ ನಾವೆಲ್ಲ ಬೈಕೊಂಡೇ ಎತ್ತುತ್ತಿದ್ವಿ, ಬಂದ್ರಪ್ಪ ಗಡಿಯಾರದ ಮೇಷ್ಟ್ರು ಅಂತ. ಏಪ್ರಿಲ್‌ನಿಂದ ಫೋನ್ ಬರ್ತಿಲ್ಲ. ಯಾಕೆ ಅಂತ ಕೇಳಬೇಕು ಅಂತ ನನಗೂ ಹೊಳೀಲಿಲ್ಲ.

ಪೆಟ್ಟಿಗೆಯ ಫೋಟೋ ಇದರ ಜೊತೆ ಇಟ್ಟಿದೀನಿ, ಟೇಪು ಕಾಣೋ ಹಾಗೆ. ನಾನು ಬರೆದುಕೊಟ್ಟೆ ಅಂತ ಧೈರ್ಯವಾಗಿ ಹೇಳು. ಕರೆದ್ರೆ ಬರ್ತೀನಿ. ಕರೀದಿದ್ರೂ ಬರ್ತೀನಿ.

ನಿಮ್ಮಪ್ಪನ ಗೆಳೆಯ,
ಬಾಯ್ಲರ್ (ಈ ಹೆಸರು ಇಟ್ಟವನೂ ಅವನೇ)


ಜುಲೈ 12

ಪಟಾಕಿಗೆ,

ಸಹಿ ಹಾಕಿಲ್ಲ. ಹಾಕಬೇಕು ಅಂತ ಎರಡು ಸಲ ಪೆನ್ ತೆಗೆದೆ. ಒಂದು ಸಲ ಇಂಕ್ ಇರಲಿಲ್ಲ, ಇನ್ನೊಂದು ಸಲ ಅದು ಗುರುವಾರ ಆಗಿರಲಿಲ್ಲ.

ನಿನ್ನ ಲೆಕ್ಕ ನಾನೂ ಮಾಡಿ ನೋಡ್ದೆ. ಕೈಯಲ್ಲಿ, ಹದಿನೆಂಟು ಹಾಳೆ. 38 ಬಂತು. ಇನ್ನೊಂದ್ಸಲ ಮಾಡ್ದೆ. ಆಮೇಲೆ ಹೊರಗೆ ಹೋಗಿ ಜಲ್ಲಿ ಮೇಲೆ ಸುಮಾರು ಹೊತ್ತು ಓಡಾಡಿದೆ. ಏನಾಯ್ತು ಸಾರ್ ಅಂತ ವಾಚ್‌ಮನ್ ಬಂದು ಕೇಳ್ದ.

ಒಂದು ಮಾತು ನಿನಗೆ ಹೇಳಬೇಕು. ಹೇಳೋದೋ ಬೇಡವೋ ಅಂತ ಗೊತ್ತಾಗ್ತಿಲ್ಲ. ಪ್ಲಾಂಟಿನ ರಿಜಿಸ್ಟರ್ ತೋರಿಸಿದಾಗ ನಾನು ನಕ್ಕಿದ್ದೆ. ತಪ್ಪು ಬರೆದಿದ್ದಾರೆ ಅಂತ ಸಾಹೇಬರ ಮುಖಕ್ಕೇ ಹೇಳಿದ್ದೆ. ಆಮೇಲೆ ಅವರು ನಿನ್ನ ಕಾಗದ ತೋರಿಸಿದ್ರು. ನೀನು ಟೈಮ್ ತಪ್ಪಾಗಿ ಹಾಕಿರಬಹುದು ಅಂತ ಒಂದು ಕ್ಷಣವೂ ಅನ್ನಿಸಲಿಲ್ಲ. ನನ್ನ ಕೈ ತಪ್ಪಿರಬೇಕು ಅಂತಲೇ ಅಂದ್ಕೊಂಡೆ. ನೀನು ನನ್ನ ಗಡಿಯಾರ ನಂಬಿದೆ, ನಾನು ನಿನ್ನ ಡಬ್ಬಿ ನಂಬಿದೆ. ಇಬ್ಬರ ಕಿವಿಯನ್ನೂ ಯಾರಾದ್ರೂ ಹಿಂಡಬೇಕು.

ಎಲ್ಲ ಕಾಗದ ಸೇರಿಸಿ ಕಳಿಸು. ವಿಚಾರಣೆಗೆ ನಾನೂ ಬರ್ತೀನಿ.

ಗಡಿಯಾರ 9 ಸೆಕೆಂಡ್ ಹಿಂದೆ.

ಅಪ್ಪ


ಆಗಸ್ಟ್ 30

ಅಪ್ಪಾ,

ವಿಚಾರಣೆ ಮುಗಿಸಿ ನೀನು ಗುಡ್ಡಕ್ಕೆ ಬಸ್ ಹತ್ತಿದ್ಮೇಲೆ ಆದೇಶ ಬಂತು. ಇದರ ಜೊತೆ ಇಟ್ಟಿದೀನಿ. ಓದೋಕೆ ಮುಂಚೆ ನೀರು ಕುಡಿ.

ಒಂದೇ ಪುಟ. "ಸಮಯ ದಾಖಲಾತಿಯಲ್ಲಿನ ತಾಂತ್ರಿಕ ವ್ಯತ್ಯಾಸದ ಹಿನ್ನೆಲೆಯಲ್ಲಿ ಆರೋಪವನ್ನು ಕೈಬಿಡಲಾಗಿದೆ. ಸದರಿ ನೌಕರರು ಅಕ್ಟೋಬರ್ ಒಂದರಿಂದ ಮೊದಲಿನ ಹುದ್ದೆಗೆ ಮರಳತಕ್ಕದ್ದು. ಪ್ರಕರಣ ಮುಕ್ತಾಯ."

ಅಷ್ಟೇ. ತಾಂತ್ರಿಕ ವ್ಯತ್ಯಾಸ. ಅದು ತಾನಾಗೇ ಆಕಾಶದಿಂದ ಬಿತ್ತು ನೋಡು. ಎರಡು ವರ್ಷ ಪೆಟ್ಟಿಗೆ ಬಿಚ್ಚದವರ ಮಾತಿಲ್ಲ. ಜನವರಿಯಿಂದ ರಿಪೇರಿ ಮಾಡಿಸದವರ ಮಾತಿಲ್ಲ. ನೀನು ನಾಲ್ಕು ಸೆಕೆಂಡಿಗೆ ಒತ್ತಿದೆ ಅಂತ ಎಲ್ಲೂ ಇಲ್ಲ. ಹಳೇ ವರದಿ ಅವರ ವೆಬ್‌ಸೈಟ್‌ನಲ್ಲಿ ಇವತ್ತಿಗೂ ಹಾಗೇ ಇದೆ, ಅಕ್ಷಮ್ಯ ವಿಳಂಬ ಅನ್ನೋ ಪದದ ಸಮೇತ. ಆ ಹೊಸಬ ನಿನ್ನೆ ಮತ್ತೆ ಅದೇ ಸ್ಕ್ರೀನ್‌ಶಾಟ್ ಹಾಕಿ, "ಯಾರದೋ ಕೈಕಾಲು ಹಿಡಿದು ಬಚಾವಾದ" ಅಂತ ಬರೆದ. ನಾನೇನು ಹೇಳ್ಲಿ ಅವನಿಗೆ? ತೋರಿಸೋಕೆ ಕೈಯಲ್ಲಿ ಏನಿದೆ?

ಎಲ್ಲಕ್ಕಿಂತ ಚೆಂದ ಬಾಯ್ಲರ್ ಅಂಕಲ್‌ದು. ಅವರೊಬ್ಬರಿಗೇ ನೋಟಿಸ್ ಬಂದಿದೆ, ಅನಧಿಕೃತ ಗಡಿಯಾರ ನೋಡಿ ಬರೆದಿದ್ದಕ್ಕೆ. ನಿಜ ಹೇಳಿದ ಒಬ್ಬನೇ ಮನುಷ್ಯನಿಗೆ.

ಅಮ್ಮ ಮಾತ್ರ ಖುಷಿ. ಟಿವಿ ಹಾಕಿದ್ಲು. ನೀನು ಬರೋ ದಿನಕ್ಕೆ ಗುರುತು ಹಾಕೋಕೆ ಅಂತ ಕ್ಯಾಲೆಂಡರ್ ಹುಡುಕ್ತಿದಾಳೆ. ಅವಳ ಮುಂದೆ ನಾನೇನೂ ಹೇಳಿಲ್ಲ. ನೀನು ಬಾ ಅಪ್ಪಾ. ಬಂದ್ರೆ ಸಾಕು ಅಂತ ನಂಗೂ ಅನ್ನಿಸುತ್ತೆ, ನಿಜವಾಗ್ಲೂ. ಆದ್ರೂ ಸಿಟ್ಟಿನ ಪಟ್ಟಿಗೆ ಇದನ್ನೂ ಸೇರಿಸ್ಕೊಂಡಿದೀನಿ.

ಪಟಾಕಿ


ಸೆಪ್ಟೆಂಬರ್ 9

ಪಟಾಕಿಗೆ,

ಆದೇಶ ಓದಿದೆ. ನೀರು ಕುಡಿದೇ ಓದಿದೆ. ಆಮೇಲೆ ನಾನೂ ಒಂದು ಕಾಗದ ಬರೆದೆ. ಇಪ್ಪತ್ತಾರು ವರ್ಷದಲ್ಲಿ ರಿಪೇರಿಗೆ ಬಿಟ್ಟು ಬೇರೆ ಯಾವುದಕ್ಕೂ ಆಫೀಸಿಗೆ ಕಾಗದ ಬರೆದವನಲ್ಲ, ಹಾಗಾಗಿ ಒಕ್ಕಣೆ ಸರಿ ಇದೆಯೋ ಇಲ್ವೋ ಗೊತ್ತಿಲ್ಲ. ನಕಲು ನಿನಗೆ ಕಳಿಸ್ತಿದೀನಿ.

"ಮಾನ್ಯರೇ, ಮಾರ್ಚ್ 17ರಂದು ಯೂನಿಟ್ ನಿಂತ ನಾಲ್ಕು ಸೆಕೆಂಡಿಗೆ ನಾನು ಆದೇಶ ಕಳಿಸಿದೆ. ವರದಿಯಲ್ಲಿ ಹಾಗೆಂದು ಬರೆಯಿರಿ. ನಲವತ್ತೆರಡು ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ನಾಲ್ಕು ಎಂದು ಬರೆದು, ಹೊಡೆದುಹಾಕಿದವರು ಸಹಿ ಮಾಡಲಿ. ರಿಜಿಸ್ಟರ್‌ನಲ್ಲಿ ತಪ್ಪಾದರೆ ನಾವು ಹಾಗೆಯೇ ಮಾಡುವುದು. ಸ್ಟೋರ್ ರೂಮಿನ ಪೆಟ್ಟಿಗೆಯನ್ನೂ ವರದಿಯಲ್ಲಿ ಸೇರಿಸಿ. ಗೋಡೆ ಗಡಿಯಾರವನ್ನು ಪ್ರತಿ ತಿಂಗಳು ಸರಿಮಾಡಿಸುತ್ತಿದ್ದವನು ನಾನು, ಅದನ್ನು ನಂಬಿದ್ದಕ್ಕೆ ನೋಟಿಸ್ ಕೊಡುವುದಿದ್ದರೆ ನನಗೆ ಕೊಡಿ, ಪ್ಲಾಂಟಿನವರಿಗೆ ಕೊಟ್ಟದ್ದನ್ನು ವಾಪಸ್ ಪಡೆಯಿರಿ. ಇಷ್ಟು ಆಗುವ ತನಕ ನಾನು ಮೊದಲಿನ ಹುದ್ದೆಗೆ ಮರಳುವುದಿಲ್ಲ. ಇಲ್ಲೇ ಇರುತ್ತೇನೆ. ಇಲ್ಲಿ ಗಾಳಿ ಚೆನ್ನಾಗಿದೆ."

ಕೊನೇ ಸಾಲು ಬೇಡ ಸಾರ್ ಅಂತ ವಾಚ್‌ಮನ್ ಹೇಳ್ದ. ಇರಲಿ ಅಂದೆ.

ಅಮ್ಮನಿಗೂ ಬೇರೆ ಪತ್ರ ಹಾಕಿದೀನಿ. ಅವಳ ಬೈಗುಳ ಗುರುವಾರ ಬರಬಹುದು. ಹಾಗೆ ಬಂದ್ರೂ ನಾನು ಮಾತು ಬದಲಿಸಲ್ಲ ಅಂತ ನೀನೇ ಮೆತ್ತಗೆ ಹೇಳು. ಮೆತ್ತಗೆ ಅಂದ್ರೆ ಏನು ಅಂತ ಗ್ರೂಪಲ್ಲಿ ಯಾರನ್ನಾದ್ರೂ ಕೇಳು. ಆ ಹೊಸಬನಿಗೆ ನನ್ನ ಕಾಗದದ ಫೋಟೋ ಹಾಕು. ನಲವತ್ತಮೂರು ಮೆಸೇಜ್ ಬೇಡ, ಫೋಟೋ ಒಂದೇ ಸಾಕು.

ಒಂದನೇ ತಾರೀಖಿನ ಫೋನ್ ಮತ್ತೆ ಶುರುಮಾಡಿದೀನಿ, ಇಲ್ಲಿನ ಲೈನ್ ಫೋನಿಂದ, ಪ್ಲಾಂಟುಗಳಿಗೆ ಬಿಟ್ಟು ಹೊರಗೆ ಎಲ್ಲಿಗೂ ಹೋಗದ ಫೋನು. ಬಾಯ್ಲರ್ ಬೈಕೊಂಡೇ ಎತ್ತಿದ. ಮೂರನೇ ಮಹಡಿಗೂ ಕೇಳಿರಬೇಕು.

ಮಧ್ಯಾಹ್ನ ಹನ್ನೆರಡಕ್ಕೆ ಗಡಿಯಾರ 11 ಸೆಕೆಂಡ್ ಹಿಂದೆ. ನಿನ್ನದೆಷ್ಟು ಅಂತ ಕೇಳಲ್ಲ.

ಅಪ್ಪ